ಕೀ ಹಿಂದಿನ ತಾಮ್ರ

ಕೀ ತಿರುವಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಓಡುತ್ತದೆ. ಕೈ ಬಿಟ್ಟ ಕೂಡಲೇ ನಿಂತುಹೋಗುತ್ತದೆ. ಮತ್ತೆ ತಿರುವಿದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ನಿಲ್ಲುತ್ತದೆ. ಹಳೆಯ ಕಾರು ಇಟ್ಟುಕೊಂಡವರಲ್ಲಿ ಎಷ್ಟೋ ಜನ ಈ ಕಾಯಿಲೆಯ ಹೊಣೆಯನ್ನು ಪೆಟ್ರೋಲಿನ ತಲೆಗೆ ಕಟ್ಟುತ್ತಾರೆ. ಕಾರ್ಬ್ಯುರೇಟರ್ ಬಿಚ್ಚಿಸಿ ತೊಳೆಸುತ್ತಾರೆ, ಪ್ಲಗ್ ಬದಲಿಸುತ್ತಾರೆ, ಕಾಯಿಲ್ ಹೊಸದು ಹಾಕಿಸುತ್ತಾರೆ. ತೊಂದರೆ ಮಾತ್ರ ಬಾನೆಟ್ಟಿನ ಹತ್ತಿರವೂ ಇರುವುದಿಲ್ಲ. ಸ್ಟೀರಿಂಗ್ ಕಾಲಂಗೆ ಅಂಟಿಕೊಂಡಂತೆ, ಕೀ ತೂರುವ ಕಿಂಡಿಯ ಹಿಂಬದಿಯಲ್ಲಿ, ಹೆಬ್ಬೆರಳಿಗಿಂತ ತುಸು ದಪ್ಪಗಿನ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅದರೊಳಗಿನ ತಾಮ್ರದ ತಗಡೊಂದು ಕಪ್ಪಾಗಿರುತ್ತದೆ, ಅಷ್ಟೇ.

ಬೆಂಗಳೂರಿನ ವಿಜಯನಗರ, ಹಂಪಿನಗರ, ಮೂಡಲಪಾಳ್ಯ, ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಡೆದುಹೋದರೆ ಇಂಥ ಡಬ್ಬಿಗಳನ್ನು ಹೊತ್ತ ಕಾರುಗಳು ಮನೆಗಳ ಮುಂದೆ ಹೊದಿಕೆ ಹೊದ್ದು ನಿಂತಿರುತ್ತವೆ. ರಾಜಾಜಿನಗರದ ಆರ್‌ಟಿಒ ಕಚೇರಿ ಕೊಟ್ಟ ಕೆಎ-02 ಸರಣಿಯ ಹಳೆಯ ನಂಬರುಗಳು. ಮಾರುತಿ 800, ಝೆನ್, ಸ್ಯಾಂಟ್ರೊ, ಇಲ್ಲವೇ ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲೇ ತಯಾರಾದ ಟೊಯೋಟಾ ಕ್ವಾಲಿಸ್. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 2010ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-4 ನಿಯಮ ಜಾರಿಯಾದಾಗ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಅದರ ಮಾರಾಟ ನಿಂತಿತು, 2014ರ ಜನವರಿಯಲ್ಲಿ ತಯಾರಿಕೆಯೂ ಮುಗಿಯಿತು. ಅಲ್ಲಿಗೆ ಈ ಊರಿನಲ್ಲಿ ಹೊಸದಾಗಿ ಕೊಂಡ ಕಟ್ಟಕಡೆಯ 800ಕ್ಕೂ ಈಗ 15 ವರ್ಷ ತುಂಬಿದೆ. 15 ತುಂಬಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಷ್ಟಾದರೂ ಕಾರನ್ನು ಉಳಿಸಿಕೊಂಡವರು ಅದನ್ನು ಕೇವಲ ಸಾಮಾನೆಂದು ನೋಡುವವರಲ್ಲ. ಅವರಿಗೆ ಈ ಸಣ್ಣ ಡಬ್ಬಿಯ ಒಳಗೆ ಏನು ನಡೆಯುತ್ತದೆಂದು ತಿಳಿದಿದ್ದರೆ ದುಡ್ಡೂ ಉಳಿಯುತ್ತದೆ, ಒಂದೊಂದು ಸಲ ಜೀವವೂ ಉಳಿಯುತ್ತದೆ.

ನಾವು ಕೀ ಎಂದೋ ಇಗ್ನಿಷನ್ ಎಂದೋ ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಬೇರೆ ವಸ್ತುಗಳ ಜೋಡಿಯನ್ನು. ಮುಂದಿನದು ಬೀಗ: ಹಿತ್ತಾಳೆಯ ಸಣ್ಣ ಬಿಲ್ಲೆಗಳು, ಸ್ಪ್ರಿಂಗು, ಸ್ಟೀರಿಂಗ್ ದಂಡಿಗೆ ಅಡ್ಡ ಬೀಳುವ ಒಂದು ಕಬ್ಬಿಣದ ಗೂಟ. ಹಿಂದಿನದು ಸ್ವಿಚ್ಚು: ತಾಮ್ರದ ತಗಡು, ಸ್ಪ್ರಿಂಗು, ತಂತಿಗಳು ಬಂದು ಸೇರುವ ಕಪ್ಲರ್. ಬೀಗಕ್ಕೆ ವಿದ್ಯುತ್ತಿನ ಗೊಡವೆಯಿಲ್ಲ, ಸ್ವಿಚ್ಚಿಗೆ ಕೀಯ ಗುರುತಿಲ್ಲ. ಎರಡರ ನಡುವೆ ಒಂದು ಚಪ್ಪಟೆ ನಾಲಗೆ ಇದೆ. ಬೀಗ ತಿರುಗಿದಾಗ ಅದು ಸ್ವಿಚ್ಚಿನ ಸೀಳಿನೊಳಗೆ ಕೂತು ಅದನ್ನೂ ತಿರುಗಿಸುತ್ತದೆ. ಕೀ ಬಿಗಿಯಾದರೆ ಬೀಗದ ರೋಗ. ಕೀ ಸಲೀಸಾಗಿ ತಿರುಗಿಯೂ ಕರೆಂಟ್ ಬರದಿದ್ದರೆ ಸ್ವಿಚ್ಚಿನ ರೋಗ. ಒಂದಕ್ಕೆ ಇನ್ನೊಂದರ ಔಷಧಿ ಮಾಡಿದ್ದೇ ಬಹಳಷ್ಟು ಗ್ಯಾರೇಜು ಬಿಲ್ಲುಗಳ ಕಥೆ.

ಸ್ವಿಚ್ಚಿಗೆ ನಾಲ್ಕು ನಿಲುಗಡೆಗಳು. ಲಾಕ್‌ನಲ್ಲಿ ಎಲ್ಲ ಬಂದ್. ಎಸಿಸಿಯಲ್ಲಿ ರೇಡಿಯೊದಂಥವು. ಆನ್‌ನಲ್ಲಿ ಇಗ್ನಿಷನ್ ಕಾಯಿಲ್, ಮೀಟರುಗಳು, ವೈಪರ್, ಬ್ಲೋವರ್. ಸ್ಟಾರ್ಟ್‌ನಲ್ಲಿ ಸೆಲ್ಫ್ ಮೋಟರಿಗೆ ಅಪ್ಪಣೆ. ಸೆಲ್ಫ್ ಹೊಡೆಯುವಾಗ ರೇಡಿಯೊ ಒಂದು ಕ್ಷಣ ಸುಮ್ಮನಾಗುವುದನ್ನು ನೋಡಿರುತ್ತೀರಿ. ಅದು ದೋಷವಲ್ಲ. ಆ ಹೊತ್ತಿಗೆ ಬ್ಯಾಟರಿಯ ಶಕ್ತಿಯೆಲ್ಲ ಮೋಟರಿಗೇ ಸಿಗಲೆಂದು ಸ್ವಿಚ್ಚು ಉಳಿದವರನ್ನು ಬೇಕೆಂದೇ ಬಿಡಿಸಿರುತ್ತದೆ. ಆದರೆ ಕಾಯಿಲ್ಲನ್ನು ಬಿಡಿಸುವಂತಿಲ್ಲ. ಕಿಡಿಯಿಲ್ಲದೆ ಪೆಟ್ರೋಲ್ ಎಂಜಿನ್ ಹೊತ್ತುವುದು ಹೇಗೆ? ಆದ್ದರಿಂದ ಕಾಯಿಲ್ಲಿಗೆ ಆನ್‌ನಲ್ಲೂ ಸ್ಟಾರ್ಟ್‌ನಲ್ಲೂ ಕರೆಂಟ್ ಹೋಗುತ್ತದೆ. ಹೋಗುವ ಜಾಗ ಮಾತ್ರ ಬೇರೆ. ತಿರುಗುವ ತಗಡಿನ ಒಂದು ಬಿಂದು ಆನ್‌ನಲ್ಲಿ ತಾಗುತ್ತದೆ, ತುಸು ಮುಂದಿನ ಇನ್ನೊಂದು ಬಿಂದು ಸ್ಟಾರ್ಟ್‌ನಲ್ಲಿ ತಾಗುತ್ತದೆ. ಸ್ಟಾರ್ಟ್ ಬಿಂದುವಿನ ಕೆಲಸ ದಿನಕ್ಕೆ ಕೆಲವು ಸೆಕೆಂಡು. ಆನ್ ಬಿಂದುವಿನ ಕೆಲಸ ಮೈಸೂರಿಗೆ ಹೊರಟರೆ ಮೈಸೂರು ಮುಟ್ಟುವ ತನಕ. ಯಾವುದು ಮೊದಲು ಸವೆಯುತ್ತದೆಂದು ಬೇರೆ ಹೇಳಬೇಕಿಲ್ಲ. ಕೀ ಹಿಡಿದಿರುವ ತನಕ ಓಡಿ, ಬಿಟ್ಟ ಕೂಡಲೇ ಎಂಜಿನ್ ನಿಲ್ಲುವುದರ ಗುಟ್ಟು ಇದು.

ಇದೇ ಲಕ್ಷಣ ತೋರಿಸುವ ಬೇರೆ ಕಾಯಿಲೆಗಳೂ ಇವೆ. ತೀರಾ ಹಳೆಯ ಕೆಲವು ಕಾರುಗಳಲ್ಲಿ ಕಾಯಿಲ್ಲಿಗೆ ಹೋಗುವ ಹಾದಿಯಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಸೆಲ್ಫ್ ಹೊಡೆಯುವಾಗ ಕರೆಂಟ್ ಅದನ್ನು ತಪ್ಪಿಸಿ ಹೋಗುತ್ತದೆ, ಆನ್‌ಗೆ ಬಂದಾಗ ಅದರ ಮೂಲಕವೇ ಹೋಗಬೇಕು. ಆ ರೆಸಿಸ್ಟರ್ ತುಂಡಾದರೂ ಎಂಜಿನ್ ಹೀಗೇ ಸಾಯುತ್ತದೆ. ಕೀಯಲ್ಲಿ ಚಿಪ್ ಇರುವ ಕಾರುಗಳಲ್ಲಿ, ಗುರುತು ಸಿಗದಿದ್ದರೆ, ಎಂಜಿನ್ ಒಂದೆರಡು ಸೆಕೆಂಡು ಓಡಿ ನಿಲ್ಲುವುದುಂಟು. ಅದು ನೀವು ಕೀ ಹಿಡಿದಿದ್ದರೂ ನಿಲ್ಲುತ್ತದೆ, ಆ ವ್ಯತ್ಯಾಸವೇ ಸುಳಿವು.

ಕೀಗೂ ಸೆಲ್ಫ್‌ಗೂ ಮೊದಲಿನಿಂದ ನಂಟಿರಲಿಲ್ಲ. ಮೋಟರು ಕಾರಿನ ಮೊದಲ ಕಾಲದಲ್ಲಿ ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಾರಿನತ್ತ ಬರುವ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟರು ಜೋಡಿಸಿದ್ದವರು. ಕೆಲವೇ ಸೆಕೆಂಡು ದುಡಿಯಬೇಕಾದ ಮೋಟರಿಂದ ಅದರ ಗಾತ್ರಕ್ಕೆ ಮೀರಿದ ಬಲವನ್ನು ಹಿಂಡಬಹುದು, ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ ಎಂಬ ಅನುಭವವನ್ನು ಅಲ್ಲಿಂದಲೇ ತಂದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಮುಂದೆ ಎಷ್ಟೋ ವರ್ಷ ಕೀ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಅದನ್ನು ಸ್ಟೀರಿಂಗ್ ಕಾಲಂಗೆ ಇಳಿಸಿದ್ದು ಕಳ್ಳರ ಭಯ. ತಂತಿ ಜೋಡಿಸಿ ಎಂಜಿನ್ ಹೊತ್ತಿಸಿದರೂ ಸ್ಟೀರಿಂಗ್ ತಿರುಗದಿದ್ದರೆ ಕದ್ದವನು ಮೊದಲ ತಿರುವಿನಾಚೆ ಹೋಗಲಾರ. ಜರ್ಮನಿ 1960ರ ದಶಕದ ಆರಂಭದಲ್ಲೇ ಸ್ಟೀರಿಂಗ್ ಬೀಗವನ್ನು ಕಡ್ಡಾಯ ಮಾಡಿತು. ಜನರಲ್ ಮೋಟರ್ಸ್ ತನ್ನ 1969ರ ಕಾರುಗಳಲ್ಲಿ ಕೀಯನ್ನು ಕಾಲಂಗೆ ತಂದಿತು, 1970ರ ಜನವರಿ 1ರಿಂದ ಅಮೆರಿಕದ ಕಾನೂನೂ ಕಳ್ಳತನ ತಡೆಯುವ ಇಂಥ ಬೀಗವನ್ನು ಬಯಸಿತು. ಸುಜುಕಿ ವಿನ್ಯಾಸದ ಮಾರುತಿ ನಮ್ಮ ಬೀದಿಗೆ ಬರುವ ಹೊತ್ತಿಗೆ ಬೀಗ, ಸ್ವಿಚ್ಚು, ಸ್ಟೀರಿಂಗ್ ಮೂರೂ ಒಂದೇ ಕಡೆ ಕೂಡಿಕೊಂಡಿದ್ದವು.

ಈಗ ತಾಮ್ರಕ್ಕೆ ಬರೋಣ.

ಎರಡು ಲೋಹದ ತಗಡುಗಳು ಒಂದರ ಮೇಲೊಂದು ಕೂತಾಗ ಇಡೀ ಮೈಗೆ ಮೈ ತಾಗಿದೆ ಎಂದು ಕಣ್ಣಿಗೆ ಕಾಣುತ್ತದೆ. ನಿಜವಾಗಿ ಹಾಗಿರುವುದಿಲ್ಲ. ಎಷ್ಟೇ ನುಣುಪಾದ ತಾಮ್ರವಾದರೂ ಸೂಕ್ಷ್ಮದರ್ಶಕದ ಕೆಳಗೆ ಉಬ್ಬುತಗ್ಗುಗಳೇ. ಎರಡೂ ಕಡೆಯ ಉಬ್ಬುಗಳ ತುದಿಗಳು ಎಲ್ಲೋ ಕೆಲವು ಕಡೆ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಆ ತುದಿಗಳು ಸ್ಪ್ರಿಂಗಿನ ಒತ್ತಡಕ್ಕೆ ಜಜ್ಜಿಹೋಗಿ, ಭಾರ ಹೊರುವಷ್ಟು ಅಗಲವಾದ ಮೇಲೆ ನಿಲ್ಲುತ್ತವೆ. ಆದ್ದರಿಂದ ನಿಜವಾದ ಸ್ಪರ್ಶದ ವಿಸ್ತೀರ್ಣವನ್ನು ತೀರ್ಮಾನಿಸುವುದು ತಗಡಿನ ಅಗಲವಲ್ಲ. ಎಷ್ಟು ಬಲವಾಗಿ ಒತ್ತಿದೆ, ಲೋಹ ಎಷ್ಟು ಗಟ್ಟಿ, ಇವೆರಡೇ. ಅರ್ಧ ಕಿಲೋ ಭಾರದಷ್ಟು ಒತ್ತಡದಲ್ಲಿ ಎರಡು ತಾಮ್ರದ ಮೈಗಳು ನಿಜವಾಗಿ ಕೂಡುವ ಜಾಗ ಸುಮಾರು ಒಂದು ಚದರ ಮಿಲಿಮೀಟರಿನ ನೂರರಲ್ಲೊಂದು ಪಾಲು. ಹತ್ತು ಆಂಪಿಯರ್ ಕರೆಂಟೆಲ್ಲ ಅಲ್ಲೇ ಹಾಯಬೇಕು. ಸಂಜೆ ಆರಕ್ಕೆ ಮಾಗಡಿ ರಸ್ತೆಯ ವಾಹನಗಳೆಲ್ಲ ಟೋಲ್‌ಗೇಟ್ ಬಳಿ ಬಂದು ಒತ್ತರಿಸುವ ಹಾಗೆ, ತಂತಿಯಲ್ಲಿ ಆರಾಮಾಗಿ ಹರಿದುಬಂದ ಎಲೆಕ್ಟ್ರಾನುಗಳು ಈ ಚುಕ್ಕಿಗಳಲ್ಲಿ ಇರುಕಿಕೊಂಡು ದಾಟುತ್ತವೆ. ಅಲ್ಲಿ ಹುಟ್ಟುವ ಅಡ್ಡಿಯೇ ಸ್ಪರ್ಶದ ರೋಧ. ರಾಗ್ನಾರ್ ಹೋಮ್ ಎಂಬ ಸ್ವೀಡನ್ನಿನ ವಿಜ್ಞಾನಿ ತಮ್ಮ ಬದುಕಿನ ಬಹುಭಾಗವನ್ನು ಇಂಥ ಚುಕ್ಕಿಗಳ ಅಧ್ಯಯನಕ್ಕೇ ಕೊಟ್ಟರು. ವಿದ್ಯುತ್ ಸ್ಪರ್ಶಗಳನ್ನು ಕುರಿತ ಅವರ ಗ್ರಂಥ 1940ರ ದಶಕದಲ್ಲಿ ಬಂತು. ಸ್ವಿಚ್ಚು, ರಿಲೇ ವಿನ್ಯಾಸ ಮಾಡುವವರು ಇಂದಿಗೂ ಅದರ ಬುನಾದಿಯ ಮೇಲೇ ನಿಂತಿದ್ದಾರೆ.

ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಸಂಗತಿ ಇನ್ನೊಂದಿದೆ. ಜರ್ಮನಿಯ ಫ್ರೀಡ್ರಿಕ್ ಕೋಲ್‌ರಾಷ್ 1900ರಲ್ಲಿ ತೋರಿಸಿದ್ದು. ಆ ಚುಕ್ಕಿ ಎಷ್ಟು ಬಿಸಿಯಾಗಿದೆ ಎಂದು ತಿಳಿಯಲು ಅದರ ಗಾತ್ರ ಗೊತ್ತಿರಬೇಕಿಲ್ಲ. ಅಂಥವು ಎಷ್ಟಿವೆ ಎಂದೂ ಗೊತ್ತಿರಬೇಕಿಲ್ಲ, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದೂ ಬೇಡ. ಸ್ಪರ್ಶದ ಈಚೆಗೂ ಆಚೆಗೂ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆದರೆ ಸಾಕು, ಚುಕ್ಕಿಯ ಉಷ್ಣತೆ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಇದು ಹೇಗೆ ಸಾಧ್ಯ? ಇರುಕಿನಲ್ಲಿ ಹುಟ್ಟಿದ ಶಾಖ ಹೊರಗೆ ಹೋಗಲು ಬೇರೆ ದಾರಿಯಿಲ್ಲ. ಕರೆಂಟ್ ಬಂದ ಅದೇ ಲೋಹದ ಮೂಲಕವೇ ಹೋಗಬೇಕು. ವಿದ್ಯುತ್ತನ್ನು ಚೆನ್ನಾಗಿ ಹಾಯಿಸುವ ಲೋಹ ಶಾಖವನ್ನೂ ಅಷ್ಟೇ ಚೆನ್ನಾಗಿ ಹಾಯಿಸುತ್ತದೆ, ಒಂದು ಉಷ್ಣತೆಯಲ್ಲಿ ಆ ಎರಡರ ಅನುಪಾತ ಎಲ್ಲ ಲೋಹಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂದು 1853ರಲ್ಲೇ ವೀಡಮನ್ ಮತ್ತು ಫ್ರಾಂಜ್ ಕಂಡುಕೊಂಡಿದ್ದರು. ಚುಕ್ಕಿ ಕಿರಿದಾದರೆ ಕರೆಂಟಿಗೂ ಕಷ್ಟ, ಶಾಖಕ್ಕೂ ಅಷ್ಟೇ ಕಷ್ಟ. ಎರಡೂ ಕಡೆ ಗಾತ್ರ ಹೊಡೆದುಹೋಗಿ ವೋಲ್ಟೇಜ್ ಒಂದೇ ಉಳಿಯುತ್ತದೆ.

ಲೆಕ್ಕ ಹೀಗೆ ಬರುತ್ತದೆ. ಸ್ವಚ್ಛ ತಾಮ್ರದ ಸ್ಪರ್ಶದಲ್ಲಿ ಸುಮಾರು 0.12 ವೋಲ್ಟ್ ಕಳೆದರೆ ಚುಕ್ಕಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಿ ಮೆತ್ತಗಾಗುತ್ತದೆ. 0.43 ವೋಲ್ಟ್ ಕಳೆದರೆ ಕರಗುತ್ತದೆ, ಅಂದರೆ 1,085 ಡಿಗ್ರಿ. ಅರ್ಧ ವೋಲ್ಟಿಗೂ ಕಡಿಮೆ! 12 ವೋಲ್ಟಿನ ಕಾರಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರೂ ಗಮನಿಸುವುದಿಲ್ಲ, ಹೆಡ್‌ಲೈಟ್ ಮಂಕಾದದ್ದೂ ಕಾಣುವುದಿಲ್ಲ. ಸಾಮಾನ್ಯ ಮಲ್ಟಿಮೀಟರೊಂದು ಇಲ್ಲಿ ಕಣ್ಣಿಗೆ ಕಾಣದ ಚುಕ್ಕಿಯ ಥರ್ಮಾಮೀಟರ್ ಆಗುತ್ತದೆ.

ಕರಗಿದ ಚುಕ್ಕಿ ಸುಮ್ಮನಿರುವುದಿಲ್ಲ. ಕೆಲವು ಸಲ ಬೆಸುಗೆಯಾಗುತ್ತದೆ. ಆಗ ಕೀ ಹಿಂದಕ್ಕೆ ತಿರುಗಿದರೂ ಸೆಲ್ಫ್ ಬಿಡದೆ ಗರಗುಟ್ಟುತ್ತಲೇ ಇರಬಹುದು. ಹೆಚ್ಚಿನ ಸಲ ಅದು ಹರಡಿ, ಅಗಲವಾಗಿ, ರೋಧ ಇಳಿದು ತಣ್ಣಗಾಗುತ್ತದೆ. ಸ್ವಚ್ಛ ಲೋಹ ಹೀಗೆ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುತ್ತದೆ. ಆದರೆ 20 ವರ್ಷದ ಸ್ವಿಚ್ಚಿನಲ್ಲಿ ಸ್ವಚ್ಛ ಲೋಹ ಎಲ್ಲಿ? ಬಿಸಿಯಾದ ತಾಮ್ರ ಗಾಳಿಯೊಂದಿಗೆ ಕೂಡಿ ಕಪ್ಪು ಆಕ್ಸೈಡ್ ಆಗುತ್ತದೆ. ಅದು ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ತಯಾರಕರು ಸವರಿದ ಗ್ರೀಸು ಒಣಗಿ ಅಂಟಾಗಿರುತ್ತದೆ. ಬಿಸಿಗೆ ಸ್ಪ್ರಿಂಗಿನ ಬಿಗಿ ಸಡಿಲುತ್ತದೆ. ಒತ್ತಡ ತಗ್ಗಿದರೆ ಸ್ಪರ್ಶ ಕಿರಿದು, ಸ್ಪರ್ಶ ಕಿರಿದಾದರೆ ಬಿಸಿ ಹೆಚ್ಚು, ಬಿಸಿ ಹೆಚ್ಚಾದರೆ ಸ್ಪ್ರಿಂಗು ಇನ್ನಷ್ಟು ಸಡಿಲು. ಒಂದು ಮಿತಿ ದಾಟಿದ ಮೇಲೆ ಈ ಸುತ್ತು ತಾನಾಗಿ ನಿಲ್ಲದು. ರೋಧ ಒಂದು ಓಮಿನ ಹತ್ತನೇ ಒಂದು ಪಾಲಿಗೆ ಏರಿತು, 10 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ: ಗಾಳಿಯಾಡದ ಆ ಪುಟ್ಟ ಡಬ್ಬಿಯೊಳಗೆ ಎಡೆಬಿಡದೆ 10 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಪ್ಲರಿನ ಒಂದು ಪಿನ್ ಸುತ್ತ ಕಂದು ಬಣ್ಣ ಕಟ್ಟುತ್ತದೆ.

ಇದರ ಮೇಲೆ ಕಿಡಿಯ ಹಾವಳಿ. ಎರಡು ಲೋಹಗಳನ್ನು ದೂರ ಸರಿಸುವಾಗ ನಡುವೆ ವಿದ್ಯುತ್ ಚಾಪ ಹೊತ್ತಿಕೊಳ್ಳಲು ಕನಿಷ್ಠ ಇಷ್ಟು ವೋಲ್ಟ್ ಬೇಕೆಂಬ ಲೆಕ್ಕವಿದೆ: ಬೆಳ್ಳಿಗೆ ಸುಮಾರು 12, ತಾಮ್ರಕ್ಕೆ ಸುಮಾರು 13. ಕಾರಿನ ಬ್ಯಾಟರಿ ತಣ್ಣಗಿದ್ದಾಗ 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುತ್ತ ಚಾರ್ಜ್ ಆಗುವಾಗ 14ರ ಹತ್ತಿರ. ಕಾರುಗಳ ವಿದ್ಯುತ್ ವ್ಯವಸ್ಥೆ ಈ ಗಡಿರೇಖೆಯ ಮೇಲೇ ನಿಂತಿದೆ ಎನ್ನುವುದು ಕುತೂಹಲದ ವಿಷಯ. ಬ್ಲೋವರ್ ಓಡುತ್ತಿರುವಾಗಲೇ ಕೀ ಆಫ್ ಮಾಡಿದರೆ ಗಡಿ ದಾಟುವುದು ಖಂಡಿತ, ಏಕೆಂದರೆ ಅದರ ಮೋಟರಿನ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ಕಡಿದರೆ ಅದು ತನ್ನ ವೋಲ್ಟೇಜನ್ನು ತಾನೇ ಏರಿಸಿಕೊಂಡು ಹರಿಯಲು ನೋಡುತ್ತದೆ. ಪ್ರತಿ ಸಲವೂ ತಾಮ್ರದ ಒಂದು ಚೂರು ಆವಿಯಾಗುತ್ತದೆ. ದಿನಕ್ಕೆ ಎಂಟು ಸಲ ಕೀ ತಿರುವುವ ಕಾರು, ವರ್ಷಕ್ಕೆ 300 ದಿನ ಓಡಿದರೆ, 20 ವರ್ಷಕ್ಕೆ 48,000 ಸಲ. ಎಸಿಯನ್ನೋ ಬ್ಲೋವರನ್ನೋ ಮೊದಲು ಆರಿಸಿ ಆಮೇಲೆ ಕೀ ತಿರುವಬೇಕೆಂದು ಹಳೆಯ ಡ್ರೈವರುಗಳು ಹೇಳುವ ಮಾತಿನಲ್ಲಿ ಒಳ್ಳೆಯ ಭೌತವಿಜ್ಞಾನವಿದೆ.

ಅಂದ ಮೇಲೆ ಪರೀಕ್ಷೆ ಹೇಗೆಂದು ತಾನಾಗಿ ಹೊಳೆಯುತ್ತದೆ. "ಸೆಲ್ಫ್ ಹೊಡಿಯುತ್ತಾ ಸಾರ್? ಕೀ ಆನ್‌ನಲ್ಲಿ ಕೆಂಪು ಲೈಟ್ ಬರುತ್ತಾ?" ಎಂದು ಆಟೋ ಎಲೆಕ್ಟ್ರಿಷಿಯನ್ ಕೇಳುವ ಮೊದಲ ಎರಡು ಪ್ರಶ್ನೆಗಳು ಅರ್ಧ ಕೆಲಸ ಮುಗಿಸುತ್ತವೆ. ಹಲವರು ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತಾರೆ. ಲ್ಯಾಂಪ್ ಉರಿದರೆ ಕರೆಂಟ್ ಇದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಕಳೆದುಹೋಗಿದೆ ಎಂಬುದು ಗೊತ್ತಾಗದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸ್ವಿಚ್ಚಿಗೆ ಬ್ಯಾಟರಿಯಿಂದ ಬರುವ ತಂತಿಗೆ, ಇನ್ನೊಂದನ್ನು ಸ್ವಿಚ್ಚಿನಿಂದ ಹೊರಡುವ ತಂತಿಗೆ ತಾಗಿಸಿ, ಕೀ ಆನ್ ಮಾಡಿ, ಬ್ಲೋವರ್, ವೈಪರ್ ಎಲ್ಲ ಓಡಿಸಿ ನೋಡಬೇಕು. ಭಾರವಿಲ್ಲದೆ ಅಳೆದರೆ ಎಂಥ ಕೆಟ್ಟ ಸ್ವಿಚ್ಚೂ ಒಳ್ಳೆಯದಾಗಿ ಕಾಣುತ್ತದೆ. 0.2 ವೋಲ್ಟಿನೊಳಗೆ ಇದ್ದರೆ ಸ್ವಿಚ್ಚನ್ನು ಬಿಟ್ಟು ಬೇರೆ ಕಡೆ ಹುಡುಕಿ. ಅರ್ಧ ವೋಲ್ಟ್ ದಾಟಿದರೆ ಬದಲಿಸಿ. ಮೀಟರು ತೋರಿಸುವುದರಲ್ಲಿ ಒಳಗಿನ ಸ್ಪರ್ಶಗಳ ಜೊತೆ ಪಿನ್ನುಗಳ ಪಾಲೂ ಸೇರಿರುತ್ತದೆ. ಹಾಗಾಗಿ ಹೊಸ ಸ್ವಿಚ್ಚು ತರುವ ಮೊದಲು ಕಪ್ಲರ್ ಕಳಚಿ ಪಿನ್ನುಗಳನ್ನು ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಸ್ವಿಚ್ಚು ಸಿಗುವ ಜಾಗ ಜೆ.ಸಿ. ರಸ್ತೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ಗಾಡಿ ಯಾವ ವರ್ಷದ್ದು, ಕಾರ್ಬ್ಯುರೇಟರಾ ಎಂಪಿಎಫ್‌ಐಯಾ ಎಂದು ಅಂಗಡಿಯವರು ಕೇಳುತ್ತಾರೆ. ಕಪ್ಲರಿನ ಆಕಾರ, ಪಿನ್ನುಗಳ ಸಂಖ್ಯೆ ಬದಲಾಗುವುದರಿಂದ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗುವುದೇ ಸರಿ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲ ಹಿಡಿಕೆ, ಕನ್ನಡಿ, ಮೀಟರ್ ಬೋರ್ಡು ಧೈರ್ಯವಾಗಿ ಕೊಳ್ಳಬಹುದು. ಇಗ್ನಿಷನ್ ಸ್ವಿಚ್ಚನ್ನು ಕೊಳ್ಳಬಾರದು. ಅದೂ ನಿಮ್ಮದರಷ್ಟೇ ವಯಸ್ಸಾದದ್ದು, ಒಳಗಿನ ತಾಮ್ರ ಹೊರಗಿನಿಂದ ಕಾಣುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸ್ವಿಚ್ಚು ಕೆಟ್ಟರೆ ಸ್ವಿಚ್ಚನ್ನಷ್ಟೇ ಬದಲಿಸಿ. "ಫುಲ್ ಸೆಟ್ಟೇ ಹಾಕ್ಬಿಡೋಣ ಸಾರ್" ಎಂದು ಹೇಳುವವರಿದ್ದಾರೆ. ಬೀಗವೂ ಬದಲಾದರೆ ಬಾಗಿಲಿಗೊಂದು ಕೀ, ಇಗ್ನಿಷನ್‌ಗೊಂದು ಕೀ ಆಗುತ್ತದೆ, ಇಲ್ಲವೇ ಬಾಗಿಲುಗಳ ಬೀಗವನ್ನೂ ಬದಲಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಬೀಗದ ಗೂಡನ್ನು ಕಾಲಂಗೆ ಬಿಗಿದ ಬೋಲ್ಟುಗಳದು. ಅವು ತಲೆ ಮುರಿಯುವ ಬೋಲ್ಟುಗಳು. ತಲೆಯ ಕೆಳಗೆ ಕತ್ತಿನ ಸುತ್ತ ಒಂದು ತೋಡು ಕೊರೆದಿರುತ್ತಾರೆ. ಬಿಗಿಯುತ್ತ ಹೋದಂತೆ ತಿರುಚುವ ಬಲವೆಲ್ಲ ಆ ಸಪೂರ ಕತ್ತಿನಲ್ಲಿ ಕೇಂದ್ರೀಕರಿಸಿ, ಬೇಕಾದಷ್ಟು ಬಿಗಿ ಬಂದಾಗ ತಲೆ ಚಟ್ಟೆಂದು ಕಳಚಿ ಬೀಳುತ್ತದೆ. ಉಳಿಯುವುದು ಹಿಡಿಯಲು ಅಂಚೇ ಇಲ್ಲದ ಗುಂಡನೆಯ ಮೋಟು. ಕಳ್ಳನಿಗೆ ಪಾನ ಹಾಕಲು ಏನೂ ಸಿಗಬಾರದೆಂಬುದು ಉದ್ದೇಶ; ಮೆಕ್ಯಾನಿಕ್ಕಿಗೂ ಸಿಗುವುದಿಲ್ಲ. ಚಾಣದಿಂದ ಅಂಚಿಗೆ ಹೊಡೆದು ತಿರುಗಿಸಬೇಕು, ಇಲ್ಲವೇ ನಡುವೆ ಡ್ರಿಲ್ ಮಾಡಿ ತೆಗೆಯಬೇಕು. ಬೀಗ ನಿಜವಾಗಿ ಸವೆದಿದ್ದರೆ ಈ ಶ್ರಮ ಅನಿವಾರ್ಯ. ಸ್ವಿಚ್ಚಿಗಾಗಿ ಮಾತ್ರ ಇದನ್ನು ಮಾಡುವುದು ಕಾರಿಗೆ ಮಾಡುವ ಅನ್ಯಾಯ.

ಸ್ವಿಚ್ಚಿನ ಬದಲಾವಣೆ ಸರಳ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಇದನ್ನು ಬಿಡಲೇಬಾರದು: ಬ್ಯಾಟರಿಯ ತಂತಿ ಕೀ ಇಲ್ಲದಿದ್ದರೂ ಹಗಲೂ ರಾತ್ರಿ ಸ್ವಿಚ್ಚಿನ ಬಾಗಿಲಲ್ಲಿ ಬಂದು ನಿಂತಿರುತ್ತದೆ. 1996ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಅಮೆರಿಕ ಮತ್ತು ಕೆನಡಾದಿಂದ ಸುಮಾರು 87 ಲಕ್ಷ ವಾಹನಗಳನ್ನು ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. ಇಗ್ನಿಷನ್ ಸ್ವಿಚ್ಚಿನೊಳಗೆ ಶಾರ್ಟ್ ಆಗಿ ಸ್ಟೀರಿಂಗ್ ಕಾಲಂನಲ್ಲಿ ಬೆಂಕಿ ಹತ್ತುತ್ತಿತ್ತು, ಆಫ್ ಮಾಡಿ ನಿಲ್ಲಿಸಿದ್ದ ಕಾರುಗಳಿಗೂ. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಕಳಚಿದ ಮೇಲೆ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು, ಅದರ ಕೆಪಾಸಿಟರಿನಲ್ಲಿ ಉಳಿದ ಚಾರ್ಜು ಇಳಿಯಲಿ. ಆಮೇಲೆ ಕಾಲಂನ ಮೇಲುಕೆಳಗಿನ ಪ್ಲಾಸ್ಟಿಕ್ ಕವರುಗಳ ಸ್ಕ್ರೂ ಬಿಚ್ಚಿ. ಹಳೆಯ ಪ್ಲಾಸ್ಟಿಕ್ ಬೇಗ ಸೀಳುತ್ತದೆ, ಮೀಟಿ ಎಬ್ಬಿಸುವಾಗ ಸಾವಧಾನ. ಸ್ವಿಚ್ಚು ಬೀಗದ ಹಿಂಬದಿಗೆ ಒಂದೋ ಎರಡೋ ಸಣ್ಣ ಸ್ಕ್ರೂಗಳಿಂದ ಕೂತಿರುತ್ತದೆ. ಹೊಸದನ್ನು ಕೂರಿಸುವಾಗ ಬೀಗದ ನಾಲಗೆಯೂ ಸ್ವಿಚ್ಚಿನ ಸೀಳೂ ಒಂದೇ ನಿಲುಗಡೆಯಲ್ಲಿರಬೇಕು. ಒಂದು ಹೆಜ್ಜೆ ತಪ್ಪಿದರೆ ಕೀ ಆಫ್‌ಗೆ ಬಂದರೂ ಕಾಯಿಲ್ಲಿಗೆ ಕರೆಂಟ್ ಹೋಗುತ್ತಿರಬಹುದು. ಬಲ ಹಾಕಿ ಒತ್ತಬೇಡಿ. ಸರಿ ಕೂತಾಗ ಅದು ತಾನಾಗಿ ಒಳಗೆ ಹೋಗುತ್ತದೆ. ಕಪ್ಲರ್ ಸುಟ್ಟಿದ್ದರೆ ಅದನ್ನೂ ತಂತಿ ಸಮೇತ ಬದಲಿಸಿ. ಸುಟ್ಟ ಕಪ್ಲರಿಗೆ ಹೊಸ ಸ್ವಿಚ್ಚು ಸಿಕ್ಕಿಸಿದರೆ ಅದರ ಬಿಸಿ ಹೊಸದನ್ನೂ ತಿನ್ನುತ್ತದೆ.

ಬೀಗದ ಕಡೆ ಒಂದಿಷ್ಟು. ಟೊಯೋಟಾದ ಹಳೆಯ ಹಲವು ವಾಹನಗಳಲ್ಲಿ ಕೀಯನ್ನು ಎಸಿಸಿಗೆ ತಿರುವಿ, ಪಕ್ಕದ ಸಣ್ಣ ತೂತಿನೊಳಗಿನ ಪಿನ್ ಒತ್ತಿದರೆ ಸಿಲಿಂಡರ್ ಮುಂದಕ್ಕೆ ಬರುತ್ತದೆ. ಸರಿಯಾದ ಕೀ ಇಲ್ಲದವನಿಗೆ ಎಸಿಸಿಗೆ ತಿರುವುವುದೇ ಆಗದು, ಅದೇ ಅದರ ಜಾಣ್ಮೆ. ಒಳಗಿರುವ ಹಿತ್ತಾಳೆ ಬಿಲ್ಲೆಗಳು ಕೀಯ ಹಲ್ಲಿಗೆ ತಕ್ಕಂತೆ ಏರಿ ಇಳಿದು ಒಂದೇ ಸಾಲಿಗೆ ಬಂದರೆ ಮಾತ್ರ ಸಿಲಿಂಡರ್ ತಿರುಗುತ್ತದೆ. ಆಯುಧಪೂಜೆಯ ದಿನ ಕೀಗೆ ಹಚ್ಚಿದ ಅರಿಶಿನ ಕುಂಕುಮವನ್ನು ಒರೆಸದೆ ತೂರಿಸಿದರೆ ಆ ಪುಡಿ ಈ ಬಿಲ್ಲೆಗಳ ಸಂದಿಗೆ ಹೋಗಿ ಕೂರುತ್ತದೆ. ಮೇಲೆ ಎಣ್ಣೆ ಬಿಟ್ಟರಂತೂ ಕೆಸರೇ. ಪೂಜೆ ಮಾಡಿ, ಕೀಯನ್ನು ಒರೆಸಿ. ಬೀಗ ಬಿಗಿಯಾಗಿದ್ದರೆ ಎಣ್ಣೆಯ ಬದಲು ಗ್ರಾಫೈಟ್ ಪುಡಿ ಹಾಕಿ. ಸವೆದ ಕೀ ನೋಡಿ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಕಾರಿನೊಂದಿಗೆ ಬಂದ ಕೀ ಸಂಖ್ಯೆ ಉಳಿದಿದ್ದರೆ ಅದರಿಂದ ಮಾಡಿಸುವುದು ಮೇಲು. ಇನ್ನು ಕೀ ಒಮ್ಮೊಮ್ಮೆ ಏನು ಮಾಡಿದರೂ ತಿರುಗದಿರುವುದು ಬೀಗದ ತಪ್ಪಲ್ಲದೆಯೂ ಇರಬಹುದು: ಚಕ್ರ ಸೊಟ್ಟಗಿಟ್ಟು ನಿಲ್ಲಿಸಿದಾಗ ಟೈರಿನ ಎಳೆತ ಸ್ಟೀರಿಂಗ್ ದಂಡನ್ನು ಗೂಟಕ್ಕೆ ಒತ್ತಿ ಹಿಡಿದಿರುತ್ತದೆ. ಸ್ಟೀರಿಂಗನ್ನು ತುಸು ಆಚೀಚೆ ಆಡಿಸುತ್ತ ತಿರುವಿದರೆ ಗೂಟ ಬಿಡುತ್ತದೆ.

ಕೀ ತಿರುವಿದಾಗ ಬರುವ ಕಟ್ ಕಟ್ ಸದ್ದೂ ಸಣ್ಣ ವಿಷಯವಲ್ಲ. ಸ್ಪ್ರಿಂಗಿನ ಒತ್ತಿನಲ್ಲಿರುವ ಒಂದು ಗುಂಡೋ ಮೊಳೆಯೋ ಗುಳಿಯಿಂದ ಗುಳಿಗೆ ಜಿಗಿಯುವ ಸದ್ದು ಅದು. ಕೀ ಇಟ್ಟಲ್ಲಿ ಇರುವಂತೆ ನೋಡಿಕೊಳ್ಳುವುದು ಆ ಗುಳಿ. 2014ರಲ್ಲಿ ಜನರಲ್ ಮೋಟರ್ಸ್ ತನ್ನ ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಐಯಾನ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ಇದೊಂದು ಮೊಳೆಗಾಗಿ ವಾಪಸ್ ಕರೆಸಬೇಕಾಯಿತು. ಕೀಯನ್ನು ಗುಳಿಯಿಂದ ಎಬ್ಬಿಸಲು ಸುಮಾರು 20 ನ್ಯೂಟನ್ ಸೆಂಟಿಮೀಟರ್ ತಿರುಚುಬಲ ಬೇಕೆಂದು ವಿನ್ಯಾಸದಲ್ಲಿ ಬರೆದಿತ್ತು. ತಯಾರಾದ ಸ್ವಿಚ್ಚುಗಳು ಅದಕ್ಕಿಂತ ಬಹಳ ಸಡಿಲವಾಗಿದ್ದವು. ಓಡುತ್ತಿರುವಾಗಲೇ ಕೀ ಎಸಿಸಿಗೆ ಜಾರಿ ಎಂಜಿನ್ ನಿಲ್ಲುತ್ತಿತ್ತು, ಸ್ಟೀರಿಂಗ್ ಭಾರವಾಗುತ್ತಿತ್ತು. ಡಿಕ್ಕಿಯಾದಾಗ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಸಿಗಬೇಕಿದ್ದ ಕರೆಂಟನ್ನೂ ಅದೇ ಕೀ ಕಡಿದಿರುತ್ತಿತ್ತು. ಮುಂದೆ ಮೊಳೆಯನ್ನು ಉದ್ದಮಾಡಿ ಸರಿಪಡಿಸಿದಾಗ ಪಾರ್ಟ್ ನಂಬರ್ ಬದಲಿಸಲಿಲ್ಲ, ಹಾಗಾಗಿ ಹಳೆಯದು ಯಾವುದು ಹೊಸದು ಯಾವುದೆಂದು ತನಿಖೆ ಮಾಡುವವರಿಗೂ ವರ್ಷಗಟ್ಟಲೆ ತಿಳಿಯಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. 2015ರ ಸೆಪ್ಟೆಂಬರಿನಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ನಮ್ಮ ಮನೆಗಳ ಕೀ ಗೊಂಚಲನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ. ಕಾರಿನ ಕೀ ಜೊತೆ ಮನೆಯದು, ಗೇಟಿನದು, ಬೀರುವಿನದು, ಅಂಗಡಿ ಶಟರಿನದು, ಮೇಲೊಂದು ಹಿತ್ತಾಳೆಯ ಗಣಪತಿ. ಒಟ್ಟು 200 ಗ್ರಾಂ ಎಂದಿಟ್ಟುಕೊಳ್ಳಿ, ಕೀಯ ತಿರುಗುವ ಅಕ್ಷದಿಂದ 3 ಸೆಂಟಿಮೀಟರ್ ಆಚೆ ತೂಗುತ್ತಿದೆ ಎಂದಿಟ್ಟುಕೊಳ್ಳಿ: ಸುಮ್ಮನೆ ನಿಂತಾಗಲೇ ಸುಮಾರು 6 ನ್ಯೂಟನ್ ಸೆಂಟಿಮೀಟರ್. ಗುಂಡಿಗೆ ಇಳಿದು ಎದ್ದಾಗ ಅದು ಎರಡು ಮೂರು ಪಟ್ಟಾಗುತ್ತದೆ. ಹೊಸ ಸ್ವಿಚ್ಚು ಇದನ್ನು ತಡೆಯುತ್ತದೆ. ಗುಳಿ ಸವೆದ, ಸ್ಪ್ರಿಂಗು ಸೋತ ಸ್ವಿಚ್ಚು ತಡೆಯುತ್ತದೆ ಎಂದು ನಾನು ಹೇಳಲಾರೆ. ಕಾರಿನ ಕೀ ಒಂದೇ ಒಂಟಿಯಾಗಿರಲಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಕೀ ಆಫ್ ಮಾಡಿ ಉರುಳಿಸುವ ಹಳೆಯ ಚಾಳಿಯನ್ನಂತೂ ಪೂರ್ತಿ ಬಿಡಬೇಕು. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ, ಕೀ ಕಿತ್ತರೆ ಸ್ಟೀರಿಂಗ್ ಗೂಟ ಬೀಳುತ್ತದೆ.

ಹೊಸ ಸ್ವಿಚ್ಚು ಬಹುಕಾಲ ಬಾಳಬೇಕಿದ್ದರೆ ಹಳೆಯದನ್ನು ಕೊಂದದ್ದು ಯಾವುದೆಂದು ನೋಡಬೇಕು. ಬಹಳ ಸಲ ಅದು ಆಮೇಲೆ ಹಾಕಿಸಿದ ಎಕ್ಸ್‌ಟ್ರಾ ಫಿಟ್ಟಿಂಗು: ಫಾಗ್ ಲೈಟು, ದೊಡ್ಡ ಹಾರ್ನು, ಆಂಪ್ಲಿಫೈಯರು. ಇವೆಲ್ಲದರ ತಂತಿಯನ್ನು ಸುಲಭಕ್ಕೆ ಸಿಕ್ಕುವ ಇಗ್ನಿಷನ್ ತಂತಿಗೇ ಸುತ್ತಿ ಟೇಪ್ ಹಾಕಿರುತ್ತಾರೆ. ಸೆಲ್ಫ್ ಮೋಟರು 100 ಆಂಪಿಯರ್‌ಗೂ ಮೀರಿ ಎಳೆದರೂ ಆ ಹೊರೆ ಸ್ವಿಚ್ಚಿನ ಮೇಲೆ ಬೀಳದಂತೆ ಸೊಲೆನಾಯ್ಡ್ ತಡೆಯುತ್ತದೆ. ಅದೇ ಉಪಾಯವನ್ನು ಇವಕ್ಕೂ ಮಾಡಬಹುದು. ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಸಮೇತ, ಪ್ರತ್ಯೇಕ ತಂತಿ ಎಳೆದು ನಡುವೆ ಒಂದು ರಿಲೇ ಹಾಕಿದರೆ ಕೀಯ ತಾಮ್ರದ ಪಾಲಿಗೆ ಬರುವುದು ರಿಲೇಯ ಸುರುಳಿ ಎಳೆಯುವ ಒಂದು ಆಂಪಿಯರಿನ ಆರೇಳನೇ ಒಂದು ಪಾಲು ಮಾತ್ರ. ಹಾಗೆ ಮಾಡಿ, ಬ್ಲೋವರ್ ಪೂರ್ತಿ ತಿರುವಿ, ಮಲ್ಟಿಮೀಟರ್ ಹಿಡಿದು ಮತ್ತೆ ಅಳೆಯಿರಿ. ಸ್ಪರ್ಶದಲ್ಲಿ 0.05 ವೋಲ್ಟ್ ಕಳೆಯುತ್ತಿದ್ದರೆ ಕೋಲ್‌ರಾಷ್ ಲೆಕ್ಕದಲ್ಲಿ ಚುಕ್ಕಿ ಸುತ್ತಲಿನ ತಾಮ್ರಕ್ಕಿಂತ ಸುಮಾರು 40 ಡಿಗ್ರಿ ಬಿಸಿ, 0.02 ಆದರೆ 7 ಡಿಗ್ರಿ. ಒಳ್ಳೆಯ ಸ್ವಿಚ್ಚಿನಲ್ಲಿ ಈ ಎರಡರ ನಡುವೆ ಎಲ್ಲಾದರೂ ನಿಲ್ಲುತ್ತದೆ.